ಆರ್ಕಿಡ್ ಬೇರು ಕೊಳೆತಿದೆಯಾ? ಔಷಧಿ ಆಮೇಲೆ, ಮೊದಲು ಕುಂಡ ಖಾಲಿ ಮಾಡಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಬೆಂಗಳೂರಿನಲ್ಲಿರುವ ಮಗಳು ಯುಗಾದಿಗೆ ಬಂದಾಗ ಒಂದು ಫಲೆನಾಪ್ಸಿಸ್, ಎರಡು ಡೆಂಡ್ರೋಬಿಯಂ ಆರ್ಕಿಡ್ ಗಿಡ ತಂದುಕೊಟ್ಟಳು. ಹೂ ಮುಗಿದ ಮೇಲೆ ನರ್ಸರಿಯ ಪ್ಲಾಸ್ಟಿಕ್ ಕುಂಡ ಸಣ್ಣದೆನಿಸಿ ಪಿಂಗಾಣಿ ಕುಂಡಕ್ಕೆ ಬದಲಾಯಿಸಿದೆ. ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ), ಸ್ವಲ್ಪ ಕೆಂಪು ಮಣ್ಣು, ಒಂದು ಮುಷ್ಟಿ ಗೊಬ್ಬರ ಹಾಕಿದ್ದೇನೆ. ಈಗ ಆಷಾಢದ ಮಳೆ. ಎಲೆಗಳೆಲ್ಲ ಸುಕ್ಕಾಗಿ ಜೋತುಬಿದ್ದಿವೆ. ನೀರು ಸಾಲದೇನೋ ಎಂದು ದಿನಾ ಹಾಕಿದೆ, ಇನ್ನೂ ಜಾಸ್ತಿ ಆಯಿತು. ಎತ್ತಿ ನೋಡಿದರೆ ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದೆ. ಬಾವಿಸ್ಟಿನ್ ಶಿಲೀಂಧ್ರನಾಶಕ ಹಾಕಿದರೆ ಸರಿಹೋಗುತ್ತದಾ? ಮಣ್ಣಿಗೆ ಏನು ಬೆರೆಸಬೇಕು? ಮಗಳ ಮನೆಯ ಬಾಲ್ಕನಿಗೂ ಅದೇ ಮಿಶ್ರಣ ನಡೆಯುತ್ತದಾ?

ಉತ್ತರ: ಮೊದಲು ನೀರು ಹಾಕುವುದನ್ನು ನಿಲ್ಲಿಸಿ. ಆಮೇಲೆ ಮೂರೂ ಗಿಡಗಳನ್ನು ಕುಂಡದಿಂದ ಹೊರಗೆ ತೆಗೆಯಿರಿ. ನಾಳೆಗೆ ಇಡಬೇಡಿ, ಇವತ್ತೇ ತೆಗೆಯಿರಿ. ಈಗಿರುವ ಮಿಶ್ರಣಕ್ಕೆ ಬಾವಿಸ್ಟಿನ್ ಸುರಿದರೆ ಏನೂ ಆಗುವುದಿಲ್ಲ. ಒದ್ದೆ ಕುಂಡಕ್ಕೆ ಇನ್ನೊಂದು ಲೋಟ ನೀರು ಸೇರಿಸಿದಂತಾಗುತ್ತದೆ, ಅಷ್ಟೇ.

ಎಲೆ ಸುಕ್ಕಾದರೆ ಬಾಯಾರಿಕೆ ಎಂದು ಯಾರಿಗಾದರೂ ಅನಿಸುತ್ತದೆ. ನಿಮ್ಮ ಗಿಡಕ್ಕೆ ನಿಜಕ್ಕೂ ಬಾಯಾರಿಕೆಯೇ ಆಗಿದೆ. ಆದರೆ ಕುಂಡದಲ್ಲಿ ನೀರಿಲ್ಲ ಎಂದಲ್ಲ, ಆ ನೀರನ್ನು ಕುಡಿಯುವ ಬೇರು ಸತ್ತುಹೋಗಿದೆ. ಒಣಗಿದ ಗಿಡದ ಎಲೆಯೂ, ಬೇರು ಕೊಳೆತ ಗಿಡದ ಎಲೆಯೂ ಮೇಲಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಹಾಗಾಗಿ ಆರ್ಕಿಡ್ ಎಲೆ ಜೋತುಬಿದ್ದಾಗ ನೀರಿನ ಚೊಂಬಿಗೆ ಕೈ ಹಾಕುವ ಮುಂಚೆ ಬೇರು ನೋಡಬೇಕು.

ನಿಮ್ಮ ತೋಟದ ಹಲಸಿನ ಮರದಲ್ಲೋ ಮಾವಿನ ಮರದಲ್ಲೋ ಸೀತಾಳೆ ದಂಡೆ ಇರಬಹುದು, ಒಮ್ಮೆ ನೋಡಿ. ಮುಂಗಾರು ಶುರುವಾಗುವ ಹೊತ್ತಿಗೆ ಗುಲಾಬಿ ಬಣ್ಣದ ಗೊಂಚಲು ಬಿಡುವ ಅದೇ ಗಿಡ. ಅದೂ ಆರ್ಕಿಡ್ಡೇ. ಕೆಲವರು ಅದನ್ನು ಬಂದಳಿಕೆ ಎಂದುಕೊಂಡು ಕಿತ್ತು ಎಸೆಯುತ್ತಾರೆ. ಬಂದಳಿಕೆ ಮರದ ರಸ ಹೀರುತ್ತದೆ, ಇದು ಏನನ್ನೂ ಹೀರುವುದಿಲ್ಲ, ಸುಮ್ನೆ ತೊಗಟೆಗೆ ಬೇರು ಅಂಟಿಸಿಕೊಂಡು ಕೂತಿರುತ್ತದೆ. ಅದರ ಬೇರು ಗಮನಿಸಿ. ದಪ್ಪಗಿದೆ, ಬೆಳ್ಳಿಯ ಬಣ್ಣ, ಅರ್ಧಕ್ಕರ್ಧ ಗಾಳಿಯಲ್ಲೇ ನೇತಾಡುತ್ತಿದೆ. ಮಳೆ ಬಿದ್ದೊಡನೆ ಹಸಿರಾಗುತ್ತದೆ. ಮಳೆ ಹೊಳವಾಗಿ ಗಾಳಿ ಬೀಸಿದರೆ ಮತ್ತೆ ಬೆಳ್ಳಗಾಗುತ್ತದೆ. ನಿಮ್ಮೂರಿನ ಜಡಿಮಳೆಯಲ್ಲಿ ತಿಂಗಳುಗಟ್ಟಲೆ ನೆಂದರೂ ಅದಕ್ಕೆ ಬೇರುಕೊಳೆ ಬರುವುದು ಅಪರೂಪ. ಅಂದರೆ ತಪ್ಪು ನೀರಿನದ್ದಲ್ಲ. ಸುತ್ತ ಗಾಳಿ ಇದ್ದರೆ ಆರ್ಕಿಡ್ ಬೇರು ಎಷ್ಟು ನೀರನ್ನಾದರೂ ತಡೆಯುತ್ತದೆ. ಗಾಳಿ ಇಲ್ಲದಿದ್ದರೆ ಸ್ವಲ್ಪವೇ ನೀರು ಸಾಕು, ಕೊಳೆಯುತ್ತದೆ.

ಈ ಬೇರಿನ ಹೊರಗೆ ವೆಲಮೆನ್ ಎಂಬ ಒಂದು ಪದರ ಇರುತ್ತದೆ. ಸತ್ತ ಕೋಶಗಳಿಂದ ಆದದ್ದು, ಒಳಗೆಲ್ಲ ಟೊಳ್ಳು. ನೀರು ತಾಗಿದ ಕೂಡಲೇ ಸ್ಪಂಜಿನ ಹಾಗೆ ಹೀರಿಕೊಂಡು ಒಳಗಿನ ಜೀವಂತ ಬೇರಿಗೆ ನಿಧಾನಕ್ಕೆ ಕೊಡುತ್ತದೆ. ಇದನ್ನು ನೀವು ಕೋಕೋಪೀಟ್ ಮತ್ತು ಕೆಂಪು ಮಣ್ಣಿನಲ್ಲಿ ಹೂತಿರಿ. ಎರಡೂ ನುಣ್ಣನೆಯ ಪುಡಿ. ಕಣಗಳ ಸಂದಿಯೆಲ್ಲ ನೀರಿನಿಂದ ತುಂಬಿ ಗಾಳಿಗೆ ಜಾಗವೇ ಉಳಿಯಲಿಲ್ಲ. ಪಿಂಗಾಣಿ ಕುಂಡದ ಗೋಡೆಯೂ ಉಸಿರಾಡುವುದಿಲ್ಲ. ಬೇರು ಮೊದಲು ಉಸಿರುಗಟ್ಟಿ ಸತ್ತಿತು, ಆಮೇಲೆ ಸತ್ತದ್ದನ್ನು ತಿನ್ನಲು ಶಿಲೀಂಧ್ರ ಬಂತು. ಬಹಳಷ್ಟು ಬೇರುಕೊಳೆಗಳ ಕಥೆ ಇದೇ. ಔಷಧಿ ಆಮೇಲೆ ಅಂದದ್ದು ಅದಕ್ಕೇ.

ಮಣ್ಣಿಗೆ ಏನು ಬೆರೆಸಬೇಕು ಎಂದು ಕೇಳಿದ್ದೀರಿ. ಏನೂ ಬೇಡ, ಮಣ್ಣೇ ಬೇಡ. ಇದು ನಿಮ್ಮೊಬ್ಬರ ತೊಂದರೆಯಲ್ಲ ಬಿಡಿ. 19ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಶ್ರೀಮಂತರು ಬಿಸಿನಾಡುಗಳಿಂದ ಆರ್ಕಿಡ್‌ಗಳನ್ನು ಹಡಗಿನಲ್ಲಿ ತರಿಸಿ, ಕಿಟಕಿ ಮುಚ್ಚಿದ ಗಾಜಿನ ಮನೆಯಲ್ಲಿ ಹಬೆ ತುಂಬಿಸಿ ಬೆಳೆಸಲು ನೋಡಿದರು. ಬಂದವು ಬಂದ ಹಾಗೇ ಸತ್ತವು. ಚಾಟ್ಸ್‌ವರ್ತ್ ಅರಮನೆಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ತನ್ನ ಸಹಾಯಕ ಜಾನ್ ಗಿಬ್ಸನ್‌ನನ್ನು ನಮ್ಮ ಖಾಸಿ ಬೆಟ್ಟಗಳಿಗೇ ಕಳಿಸಿ ಗಿಡ ತರಿಸಿದ. ಪ್ಯಾಕ್ಸ್‌ಟನ್ ಗಾಜಿನ ಮನೆಗೆ ಗಾಳಿ ಬಿಟ್ಟ, ಶಾಖ ಇಳಿಸಿದ. ಗಿಡಗಳು ಬದುಕತೊಡಗಿದವು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಗಿಡವನ್ನು ಎಳೆಯಬೇಡಿ. ಕುಂಡವನ್ನು ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಕೋಕೋಪೀಟ್ ಸಡಿಲವಾಗಿ ಬೇರು ಬಿಟ್ಟುಕೊಳ್ಳುತ್ತದೆ. ನಲ್ಲಿ ಕೆಳಗೆ ಹಿಡಿದು ಪೂರ್ತಿ ತೊಳೆಯಿರಿ. ಫಲೆನಾಪ್ಸಿಸ್ ಬುಡದ ನಡುವೆ ನರ್ಸರಿಯವರು ಇಟ್ಟ ಒದ್ದೆ ಮಾಸ್‌ನ (ಪಾಚಿಯ) ಮುದ್ದೆ ಇರಬಹುದು, ಬೆರಳು ಹಾಕಿ ತೆಗೆಯಿರಿ. ಎಷ್ಟೋ ಸಲ ಕೊಳೆ ಶುರುವಾಗುವುದೇ ಅಲ್ಲಿಂದ.

ತೊಳೆದ ಮೇಲೆ ಒಂದೊಂದೇ ಬೇರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತಿ. ಜೀವ ಇರುವ ಬೇರು ಗಟ್ಟಿ ಇರುತ್ತದೆ, ಒತ್ತಿದರೆ ಎದುರು ಒತ್ತುತ್ತದೆ. ಕೊಳೆತ ಬೇರು ಪಿಸುಕಿ ಕಂದು ನೀರು ಬಿಡುತ್ತದೆ. ಸ್ವಲ್ಪ ಎಳೆದರೆ ಹೊರಗಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ಸಪೂರ ನಾರು ಮಾತ್ರ ಗಿಡದಲ್ಲಿ ಉಳಿಯುತ್ತದೆ. ಇನ್ನು ಕೆಲವು ಬೇರು ಒಣಗಿ ಪೊಳ್ಳಾಗಿರುತ್ತವೆ, ಅವೂ ಸತ್ತವೇ. ಆದರೆ ಬಣ್ಣ ನೋಡಿ ಕತ್ತರಿ ಹಾಕಬೇಡಿ! ಕೋಕೋಪೀಟ್, ತೆಂಗಿನ ಸಿಪ್ಪೆ, ತೊಗಟೆ, ಇವೆಲ್ಲ ಕಲೆ ಬಿಡುತ್ತವೆ. ಬೇರು ಕಂದಾಗಿದ್ದರೂ ಗಟ್ಟಿ ಇದ್ದರೆ ಅದು ಒಳ್ಳೆಯ ಬೇರು. ಜನ ಗಾಬರಿಯಲ್ಲಿ ಕೊಳೆತದ್ದರ ಜೊತೆ ಇಂಥ ಒಳ್ಳೆಯ ಬೇರನ್ನೂ ಕತ್ತರಿಸಿ ಹಾಕುವುದೇ ಜಾಸ್ತಿ. ಅನುಮಾನ ಇದ್ದರೆ ಬಿಡಿ.

ಕತ್ತರಿಯನ್ನು ಒಂದು ಗಿಡ ಮುಗಿದು ಇನ್ನೊಂದಕ್ಕೆ ಹೋಗುವಾಗ ಗ್ಯಾಸ್ ಉರಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ. ರೋಗ ಗಿಡದಿಂದ ಗಿಡಕ್ಕೆ ದಾಟುವುದು ಕತ್ತರಿಯಿಂದಲೂ ಹೌದು. ಕೊಳೆತ ಭಾಗ ಮುಗಿದು ಬಿಳಿ, ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಡೆಂಡ್ರೋಬಿಯಂನಲ್ಲಿ ಎಲೆ ಉದುರಿದ ಹಳೇ ಕಬ್ಬು (ಕಬ್ಬಿನ ಜಲ್ಲೆಯಂಥ ಕಾಂಡ) ಇದ್ದರೆ, ಮೆತ್ತಗಾಗಿರದಿದ್ದರೆ, ಅದನ್ನು ಕತ್ತರಿಸಬೇಡಿ. ಅದು ಗಿಡದ ಉಗ್ರಾಣ. ಬೇರು ಹೋದ ಗಿಡ ಅದರಲ್ಲಿರುವ ನೀರು, ಆಹಾರದಿಂದಲೇ ಹೊಸ ಬೇರು ಬಿಡಬೇಕು. ಕೆಲವು ಸಲ ಅಲ್ಲಿಂದಲೇ ಮರಿ ಹುಟ್ಟುತ್ತದೆ.

ಕತ್ತರಿಸುವಾಗ ಕಂಡದ್ದನ್ನು ಗಮನಿಸಿ, ಔಷಧಿ ಅದರ ಮೇಲೆ ನಿಂತಿದೆ. ಬೇರು ಮಾತ್ರ ಕೊಳೆತು ಬುಡ ಹಸಿರಾಗಿ ಗಟ್ಟಿ ಇದ್ದರೆ ಔಷಧಿಯೇ ಬೇಡ ಎನ್ನುವವನು ನಾನು. ಗಾಯ ಒಣಗಿದರೆ ಸಾಕು. ಕಪ್ಪು ಬಣ್ಣ ನೀರೂರಿದಂತೆ ಬೇರಿನಿಂದ ಬುಡಕ್ಕೆ, ಬುಡದಿಂದ ಎಲೆಗೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದು ಕಪ್ಪು ಕೊಳೆ. ಪಿತಿಯಂ, ಫೈಟೊಪ್ತೊರಾ ಎಂಬ ಜೀವಿಗಳ ಕೆಲಸ. ಅಡಿಕೆ ತೋಟದವರಿಗೆ ಫೈಟೊಪ್ತೊರಾ ಹೊಸದಲ್ಲ, ನಿಮ್ಮ ಕೊಳೆರೋಗಕ್ಕೂ ಅದೇ ಕುಲದ ಜೀವಿ ಕಾರಣ. ಬಾವಿಸ್ಟಿನ್ ಬಗ್ಗೆ ಕೇಳಿದ್ದೀರಲ್ಲ, ಉತ್ತರ ಇಲ್ಲಿದೆ. ಅದರಲ್ಲಿರುವ ಕಾರ್ಬೆಂಡಜಿಮ್ ಈ ಎರಡರ ಮೇಲೆ ಕೆಲಸವೇ ಮಾಡುವುದಿಲ್ಲ. ಇವು ನಿಜವಾದ ಶಿಲೀಂಧ್ರಗಳಲ್ಲ, ಬೇರೆಯೇ ಗುಂಪು. ಇವಕ್ಕೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿ, ಇಲ್ಲವೇ ಫೋಸೆಟಿಲ್ ಅಲ್ಯೂಮಿನಿಯಂ ಬೇಕು. ಯಾವುದಾದರೂ ಒಂದು, ಲೀಟರಿಗೆ 2 ಗ್ರಾಂ. ಬೇರು ಮತ್ತು ಬುಡವನ್ನು ಹತ್ತು ನಿಮಿಷ ಅದ್ದಿ ತೆಗೆದರೆ ಸಾಕು. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ, ಉಳಿದ ನೀರನ್ನು ಬಾವಿಕಟ್ಟೆ ಹತ್ತಿರ ಚೆಲ್ಲಬೇಡಿ.

ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಮನೆಯಲ್ಲಿ ಇರುತ್ತದೆ, ಅದನ್ನೇ ಒಂದು ಸೌಟು ಹಾಕೋಣ ಎನಿಸಬಹುದು. ಬೇಡ. ಅದರಲ್ಲಿ ತಾಮ್ರ ಇದೆ. ಡೆಂಡ್ರೋಬಿಯಂಗೆ ತಾಮ್ರ ಆಗಿಬರುವುದಿಲ್ಲ, ಎಳೆ ಬೇರು, ಮೊಳಕೆ ಸುಟ್ಟುಹೋಗುತ್ತವೆ. ತಾಮ್ರದ ಔಷಧಿ ಹಾಕಿದ ಮೇಲೆ ಫೋಸೆಟಿಲ್ ಹಾಕುವುದಂತೂ ಇನ್ನೂ ಅಪಾಯ.

ಡೆಂಡ್ರೋಬಿಯಂ ಬುಡದ ಗಡ್ಡೆಯನ್ನು ಅಡ್ಡ ಕತ್ತರಿಸಿದಾಗ ಒಳಗೆ ನೇರಳೆ ಬಣ್ಣದ ಉಂಗುರ ಕಂಡರೆ ಅದು ಫ್ಯುಸೇರಿಯಂ. ಬಣ್ಣ ಕಾಣದ ಜಾಗ ಸಿಗುವವರೆಗೆ ಕತ್ತರಿಸುತ್ತಾ ಹೋಗಬೇಕು. ಸಿಗದಿದ್ದರೆ ಆ ಗಿಡದ ಆಸೆ ಬಿಡಿ. ಕಾರ್ಬೆಂಡಜಿಮ್‌ಗೆ ಸ್ವಲ್ಪ ಅರ್ಥ ಇರುವುದು ಇಲ್ಲಿ, ಅದೂ ಕತ್ತರಿಸಿದ ಮೇಲೆ. ಬುಡದಲ್ಲಿ ಬಿಳಿ ನೂಲಿನಂಥದ್ದು ಹರಡಿ, ಅದರ ನಡುವೆ ಸಾಸಿವೆಯಷ್ಟು ಗಾತ್ರದ ಕಂದು ಕಾಳುಗಳು ಕಂಡರೆ ಸ್ಕ್ಲೆರೋಶಿಯಂ ಬಂದಿದೆ. ಆ ಕುಂಡದ ಒಳಗಿದ್ದದ್ದನ್ನೆಲ್ಲ ಸುಟ್ಟುಬಿಡಿ. ಗೊಬ್ಬರ ಗುಂಡಿಗೆ ಹಾಕಿದರೆ ಕಾಳುಗಳು ಅಲ್ಲೇ ಕಾಯುತ್ತಾ ಕೂತಿರುತ್ತವೆ. ಮುಟ್ಟಿದರೆ ಲೋಳೆ, ಮೂಗಿಗೆ ಕೆಟ್ಟ ವಾಸನೆ ಬಂದರೆ ಬ್ಯಾಕ್ಟೀರಿಯಾ. ಆಗ ಕತ್ತರಿಸಿ ಒಣಗಿಸುವುದು ಬಿಟ್ಟು ಮನೆಯಲ್ಲಿ ಮಾಡುವಂಥದ್ದು ಹೆಚ್ಚೇನಿಲ್ಲ.

ಯೂಟ್ಯೂಬ್ ನೋಡಿ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವವರಿದ್ದಾರೆ. ನೊರೆ ಬರುವುದನ್ನು ನೋಡಿದರೆ ಏನೋ ದೊಡ್ಡ ಕೆಲಸ ನಡೆಯುತ್ತಿದೆ ಅನಿಸುತ್ತದೆ. ನೊರೆ ಬರುವಾಗ ಗಾಯಗೊಂಡ ಜೀವಂತ ಕೋಶಗಳೂ ಸುಡುತ್ತಿರುತ್ತವೆ. ದಾಲ್ಚಿನ್ನಿ ಪುಡಿ ಎಲೆ ಕತ್ತರಿಸಿದ ಗಾಯಕ್ಕೆ ಸವರಲು ಸರಿ, ಬೇರಿಗೆ ಬೇಡ. ಒಣಗಿಸುವುದೇ ಅದರ ಗುಣ, ಒಳ್ಳೆಯ ಬೇರನ್ನೂ ಒಣಗಿಸಿಬಿಡುತ್ತದೆ.

ಇಷ್ಟಾದ ಮೇಲೆ ಗಿಡಗಳನ್ನು ನೆರಳಲ್ಲಿ ನೇತುಹಾಕಿ. ಫಲೆನಾಪ್ಸಿಸ್ ಒಂದು ರಾತ್ರಿ, ಡೆಂಡ್ರೋಬಿಯಂ ಒಂದೆರಡು ದಿನ ಹಾಗೇ ಇರಬಹುದು. ನಿಮ್ಮಲ್ಲಿ ಈಗ ಗಾಳಿಯೇ ಒದ್ದೆ ಇರುತ್ತದೆ, ಹಾಗಾಗಿ ಜಗುಲಿಯಲ್ಲಿ ಫ್ಯಾನ್ ಹಾಕಿ ದೂರದಲ್ಲಿಡಿ. ಗಾಯ ಒಣಗಲೇಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಹೊಸ ಮಿಶ್ರಣದಲ್ಲೂ ಅದೇ ಕಥೆ.

ಮಿಶ್ರಣದ ಬಗ್ಗೆ ಮಾತಾಡುವಾಗ ಎಲ್ಲರೂ ಪಾಕವಿಧಾನ ಕೇಳುತ್ತಾರೆ. ಇಷ್ಟು ಭಾಗ ಇದು, ಇಷ್ಟು ಭಾಗ ಅದು ಎಂದು. ನಾನು ಕೇಳುವ ಪ್ರಶ್ನೆ ಬೇರೆ: ನಿಮ್ಮ ಮನೆಯಲ್ಲಿ ಅದು ಒಣಗಲು ಎಷ್ಟು ದಿನ ಬೇಕು? ಮಳೆಗಾಲದ ಮಲೆನಾಡಿನಲ್ಲಿ ಒಣಗದ ಮಿಶ್ರಣ ಬೇಸಿಗೆಯ ಬಳ್ಳಾರಿಯಲ್ಲಿ ಬೆಳಿಗ್ಗೆ ನೀರು ಹಾಕಿದರೆ ಸಂಜೆಗೆ ಒಣಗಿರುತ್ತದೆ. ಗಿಡ ಒಂದೇ ಆದರೂ ಊರು ಬೇರೆಯಾದರೆ ಮಿಶ್ರಣ ಬೇರೆ.

ಶಿರಸಿಯ ಡೆಂಡ್ರೋಬಿಯಂಗಳಿಗೆ ನನ್ನ ಸಲಹೆ ಸರಳ. ಸೌದೆ ಇದ್ದಿಲು ಮತ್ತು ಹಳೇ ಮಂಗಳೂರು ಹೆಂಚಿನ ಚೂರು, ಅರ್ಧರ್ಧ. ಬೇರೆ ಏನೂ ಬೇಡ. ಎರಡೂ ನಿಮ್ಮ ಮನೆಯ ಹಿತ್ತಲಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಚೂರುಗಳು ಒಂದು ಇಂಚಿನಷ್ಟಿರಲಿ. ಪುಡಿ, ಬೂದಿ ಎಲ್ಲ ಜರಡಿ ಹಿಡಿದು ತೆಗೆದುಬಿಡಿ, ಗಾಳಿಯ ದಾರಿ ಮುಚ್ಚುವುದೇ ಆ ಪುಡಿ. ಬಳಸುವ ಮೊದಲು ಒಂದು ದಿನ ನೀರಿನಲ್ಲಿ ನೆನೆಸಿ ತೊಳೆಯಿರಿ. ಒಣ ಹೆಂಚು ಹಾಗೇ ಹಾಕಿದರೆ ಬೇರಿನ ನೀರನ್ನೇ ಎಳೆದುಕೊಳ್ಳುತ್ತದೆ. ಬಾರ್ಬೆಕ್ಯೂಗೆಂದು ಮಾರುವ ಒತ್ತಿದ ಇದ್ದಿಲ ಬಿಲ್ಲೆ ಬೇಡ, ಅದರಲ್ಲಿ ಅಂಟು ಬೆರೆತಿರುತ್ತದೆ. ಇದ್ದಿಲು ಕೊಳೆಯುವುದಿಲ್ಲ, ಆದರೆ ಗೊಬ್ಬರದ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಿದರೆ ಒಳ್ಳೆಯದು.

ತೆಂಗಿನ ಸಿಪ್ಪೆಯ ತುಂಡು ನಿಮ್ಮಲ್ಲಿ ಧಾರಾಳ, ಅದನ್ನೇ ಹಾಕಬಹುದಲ್ಲ ಎಂದು ಕೇಳುತ್ತೀರಿ. ಬೇಸಿಗೆಗೆ ಚೆನ್ನ. ಮಳೆಗಾಲದಲ್ಲಿ ನಿಮ್ಮೂರಲ್ಲಿ ಅದು ಒಣಗುವುದೇ ಇಲ್ಲ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕರಗಿ ಪುಡಿಯಾಗುತ್ತದೆ. ಸಿಪ್ಪೆಯಲ್ಲಿ ಉಪ್ಪಿನಂಶವೂ ಇರುತ್ತದೆ, ಸಮುದ್ರದ ಹತ್ತಿರದ ತೋಟದ್ದಾದರೆ ಇನ್ನೂ ಜಾಸ್ತಿ. ಕೆಲವು ದಿನ ನೆನೆಹಾಕಿ, ಚಹಾ ಬಣ್ಣದ ನೀರು ಬಿಡುವುದು ನಿಲ್ಲುವ ತನಕ ನೀರು ಬದಲಾಯಿಸುತ್ತಿರಬೇಕು. ಇನ್ನು ಕೋಕೋಪೀಟ್ ಮತ್ತು ಸಿಪ್ಪೆಯ ತುಂಡು ಒಂದೇ ಎಂದು ತಿಳಿಯಬೇಡಿ. ಬಂದಿರುವುದು ಒಂದೇ ಕಾಯಿಯಿಂದ, ಆದರೆ ಕೋಕೋಪೀಟ್ ಬರೀ ಪುಡಿ. ಟೊಮೆಟೊ ಸಸಿಗೆ ಒಳ್ಳೆಯದು, ಮರದ ಮೇಲಿನ ಆರ್ಕಿಡ್‌ಗೆ ಅಲ್ಲ.

ಫಲೆನಾಪ್ಸಿಸ್ ಸ್ವಲ್ಪ ಬೇರೆ. ಡೆಂಡ್ರೋಬಿಯಂ ಥರ ನೀರು ಕೂಡಿಡುವ ಕಬ್ಬು ಅದಕ್ಕಿಲ್ಲ, ಎಲೆಯಲ್ಲಿರುವುದೇ ಉಳಿತಾಯ. ಹಾಗಾಗಿ ಪೂರ್ತಿ ಒಣಗಿಸಿದರೂ ಕಷ್ಟ. ಅದಕ್ಕೆ ಪೈನ್ ತೊಗಟೆಯ ಅರ್ಧ ಇಂಚಿನ ಚೂರು ಮೂರು ಪಾಲು, ಇದ್ದಿಲು ಒಂದು ಪಾಲು. ತೊಗಟೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಸ್ವಲ್ಪ ಜಾಸ್ತಿಯೇ. ಅಲಂಕಾರಕ್ಕೆಂದು ಮಾರುವ, ಬಣ್ಣ ಹಾಕಿದ ಮರದ ಚಕ್ಕೆ ಮಾತ್ರ ಬೇಡ. ತೊಗಟೆಯೂ ಎರಡು ವರ್ಷದಲ್ಲಿ ಮೆತ್ತಗಾಗುತ್ತದೆ. ಉಗುರಿನಿಂದ ಒತ್ತಿದಾಗ ಚಕ್ಕೆ ಮುರಿದು ಪುಡಿಯಾದರೆ ಬದಲಾಯಿಸುವ ಕಾಲ ಬಂತು ಎಂದು ಲೆಕ್ಕ. ಸ್ಫ್ಯಾಗ್ನಮ್ ಮಾಸ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ತಂಪು ದೇಶದ ನರ್ಸರಿಗಳಲ್ಲಿ ಅಳತೆ ಮಾಡಿ ನೀರು ಕೊಡುವವರ ಕೈಗೆ ಅದು ಸರಿ. ಜುಲೈ ತಿಂಗಳ ಶಿರಸಿಗೆ ಅಲ್ಲ.

ಕುಂಡದ ವಿಷಯದಲ್ಲಿ ಪಿಂಗಾಣಿಯನ್ನು ಮರೆತುಬಿಡಿ, ಬೇಕಿದ್ದರೆ ಅದರಲ್ಲಿ ಪೆನ್ನು ಇಡಿ. ಪಕ್ಕದಲ್ಲೂ ತೂತು ಇರುವ ಮಣ್ಣಿನ ಆರ್ಕಿಡ್ ಕುಂಡ ಡೆಂಡ್ರೋಬಿಯಂಗೆ ಒಳ್ಳೆಯದು. ಫಲೆನಾಪ್ಸಿಸ್‌ಗೆ ತಳದಲ್ಲಿ, ಬದಿಯಲ್ಲಿ ಬಿಸಿ ಮೊಳೆಯಿಂದ ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಕುಂಡ ಇಡಿ. ಒಳಗಿನ ಬೇರು ಹಸಿರಾಗಿದೆಯಾ, ಬೆಳ್ಳಗಾಗಿದೆಯಾ ಎಂದು ಹೊರಗಿನಿಂದಲೇ ಕಾಣುತ್ತದೆ. ಕುಂಡದ ಅಳತೆ ಉಳಿದಿರುವ ಬೇರಿಗೆ ತಕ್ಕಂತಿರಲಿ, ಎಲೆಗೆ ತಕ್ಕಂತೆ ಅಲ್ಲ. ಬೇರು ಕತ್ತರಿಸಿದ ಗಿಡಕ್ಕೆ ಮೊದಲಿಗಿಂತ ಸಣ್ಣ ಕುಂಡವೇ ಬೇಕು. ತಳಕ್ಕೆ ಜಲ್ಲಿ ಹಾಕಿದ್ದೇನಲ್ಲ, ನೀರು ಬಸಿಯುತ್ತದೆ ಎಂದು ಹೇಳುವವರು ಬಹಳ. ನುಣ್ಣನೆಯ ಪುಡಿ ಮಿಶ್ರಣದ ನೀರು ಕೆಳಗಿನ ಜಲ್ಲಿಗೆ ಸುಲಭಕ್ಕೆ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಮೇಲಿನ ಮಿಶ್ರಣವೇ ದಪ್ಪ ಚೂರುಗಳದ್ದಾಗಿರಬೇಕು.

ನೆಡುವಾಗ ಬುಡ ಹೂಳಬೇಡಿ, ಬೇರು ಮಾತ್ರ ಒಳಗಿರಲಿ. ಗಿಡ ಅಲ್ಲಾಡದ ಹಾಗೆ ಒಂದು ಕಡ್ಡಿಗೆ ಕಟ್ಟಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗಿಡ ಅಲ್ಲಾಡಿದಾಗಲೆಲ್ಲ ಹೊಸ ಬೇರಿನ ಎಳೆ ತುದಿ ಹೆಂಚಿಗೆ ಉಜ್ಜಿ ಗಾಯವಾಗುತ್ತದೆ, ಬೇರು ಅಲ್ಲಿಗೇ ನಿಲ್ಲುತ್ತದೆ.

ಫಲೆನಾಪ್ಸಿಸ್‌ನಲ್ಲಿ ಒಂದೂ ಬೇರು ಉಳಿದಿಲ್ಲ, ಆದರೆ ನಡುವಿನ ಎಲೆ ಗಟ್ಟಿ ಇದೆ ಎಂದಾದರೆ ನೆಡಬೇಡಿ. ಹಿಂಡಿ ನೀರು ತೆಗೆದ ಸ್ವಲ್ಪ ಮಾಸ್ ಅನ್ನು ಪ್ಲಾಸ್ಟಿಕ್ ಚೀಲದ ತಳದಲ್ಲಿ ಹಾಕಿ. ಬುಡ ಅದಕ್ಕೆ ತಾಗದ ಹಾಗೆ ಗಿಡ ಕೂರಿಸಿ, ಬಾಯಿ ಸಡಿಲವಾಗಿ ಮುಚ್ಚಿ, ಬಿಸಿಲು ಬೀಳದ ಬೆಳಕಿನಲ್ಲಿಡಿ. ಚೀಲದೊಳಗಿನ ತೇವ ಎಲೆಯ ನೀರು ಹೊರಗೆ ಹೋಗದಂತೆ ತಡೆಯುತ್ತದೆ, ಗಿಡಕ್ಕೆ ಬೇರು ಬಿಡಲು ಸಮಯ ಸಿಗುತ್ತದೆ. ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಹೊಸ ಬೇರು ಬರಲು ವಾರಗಳು ಬೇಕು, ಎರಡು ಮೂರು ತಿಂಗಳಾದರೂ ಆಶ್ಚರ್ಯವಿಲ್ಲ. ಬೇರು ಎರಡು ಇಂಚು ಬೆಳೆದ ಮೇಲೆ ಕುಂಡಕ್ಕೆ ಹಾಕಿ. ನಡುವಿನ ಎಲೆಯೇ ಕಪ್ಪಾಗಿ ಕೈಗೆ ಬಂದಿದ್ದರೆ ಬದುಕುವ ಅವಕಾಶ ತೀರಾ ಕಡಿಮೆ. ಅದಕ್ಕೆ ದುಡ್ಡು ಸುರಿಯಬೇಡಿ.

ನೆಟ್ಟ ಮೇಲೆ ಫಲೆನಾಪ್ಸಿಸ್‌ಗೆ ಮೂರ್ನಾಲ್ಕು ದಿನ, ಡೆಂಡ್ರೋಬಿಯಂಗೆ ಒಂದು ವಾರ ನೀರು ಬೇಡ. ಆಮೇಲೂ ದಿನ ಎಣಿಸಿ ನೀರು ಹಾಕಬೇಡಿ. ತೆಳ್ಳಗಿನ ಬಿದಿರಿನ ಕಡ್ಡಿಯೊಂದನ್ನು ಮಿಶ್ರಣದಲ್ಲಿ ಹತ್ತು ನಿಮಿಷ ಚುಚ್ಚಿಟ್ಟು ತೆಗೆದು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ನೀರು ಬೇಡ. ಹಾಕುವಾಗ ಬೆಳಿಗ್ಗೆ ಹಾಕಿ, ತಳದಿಂದ ಹರಿದುಹೋಗುವಷ್ಟು ಹಾಕಿ. ಫಲೆನಾಪ್ಸಿಸ್‌ನ ಎಲೆಗಳ ನಡುವೆ ನೀರು ನಿಂತರೆ ಬಟ್ಟೆಯಿಂದ ಒರೆಸಿ. ಗೊಬ್ಬರ ಹೊಸ ಬೇರು ಕಾಣುವ ತನಕ ಇಲ್ಲ. ಆಮೇಲೆ ನೀರಿನಲ್ಲಿ ಕರಗುವ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ ಸಾಕು. ಸಗಣಿ ಗೊಬ್ಬರವನ್ನು ಬೇರೆ ಗಿಡಕ್ಕೆ ಹಾಕಿ.

ಮಳೆಗಾಲ ಮುಗಿಯುವವರೆಗೆ ಮೂರೂ ಗಿಡ ಸೂರಿನ ಒಳಗಿರಲಿ, ಇರಚಲು ಬಡಿಯದ ಆದರೆ ಗಾಳಿ ಓಡಾಡುವ ಜಾಗದಲ್ಲಿ. ನೆಲದ ಮೇಲೆ ಇಡಬೇಡಿ, ನೇತುಹಾಕಿ. ಮುಂದೆ ಕುಂಡ ಬದಲಾಯಿಸುವುದಿದ್ದರೆ ಫೆಬ್ರವರಿಯಿಂದ ಮೇ ನಡುವೆ, ಹಸಿರು ತುದಿಯ ಹೊಸ ಬೇರು ಹೊರಡುವಾಗ ಮಾಡಿ. ಮಳೆ ಬರುವಷ್ಟರಲ್ಲಿ ಗಿಡ ನೆಲೆ ನಿಂತಿರುತ್ತದೆ.

ಮಗಳ ಬಾಲ್ಕನಿಗೆ ಇದೇ ಮಿಶ್ರಣ ಕೊಟ್ಟರೆ ಅಲ್ಲಿ ಡೆಂಡ್ರೋಬಿಯಂ ಒಣಗುತ್ತದೆ. ಬೆಂಗಳೂರಿನ ಗಾಳಿ ನಿಮ್ಮೂರಿಗಿಂತ ಒಣ, ಮೇಲಿನ ಮಹಡಿಯಾದರೆ ಕೇಳುವುದೇ ಬೇಡ. ಅವರು ಇದ್ದಿಲು, ಹೆಂಚಿನ ಜೊತೆ ಮೂರನೇ ಒಂದು ಪಾಲು ತೊಳೆದ ತೆಂಗಿನ ಸಿಪ್ಪೆ ಸೇರಿಸಲಿ. ಅಲ್ಲಿನ ಇನ್ನೊಂದು ತೊಂದರೆ ನೀರು. ಬೋರ್‌ವೆಲ್ ನೀರಿನ ಉಪ್ಪು ಬೇರಿನ ತುದಿಯನ್ನು ಸುಡುತ್ತದೆ. ಹೆಂಚಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದೇ ಗುರುತು. ಕಾವೇರಿ ನೀರು ಬರುವ ಮನೆಯಾದರೆ ಒಂದು ರಾತ್ರಿ ಬಕೆಟ್‌ನಲ್ಲಿಟ್ಟು ಹಾಕಬಹುದು. ಬೋರ್‌ವೆಲ್ ಮಾತ್ರ ಇದ್ದರೆ ಮಳೆನೀರು ಹಿಡಿದಿಡಲಿ, ಇಲ್ಲವೇ ಆರ್‌ಓ ಯಂತ್ರದಿಂದ ಬರುವ ಕುಡಿಯುವ ನೀರು ಹಾಕಲಿ. ಆದರೆ ಆ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರು ಹಾಕುವುದು ಬೇಡ. ಬೋರ್‌ವೆಲ್ಲಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ, ಅದು ನೆಲ ಒರೆಸಲು ಸರಿ.